ಅಟ್ಟದ ಮೇಲಿನ ಕಾಯಿ

ಬೆಳಿಗ್ಗೆ ಎಂಟಕ್ಕೇ ತಾರಸಿ ಕಾದಿರುತ್ತದೆ. ಅಪ್ಪನ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಅಮ್ಮ ಬಿಸಿ ಹಿಟ್ಟಿನ ಪಾತ್ರೆಯನ್ನು ಮೇಲಕ್ಕೆ ತರುತ್ತಾಳೆ. ಅಕ್ಕಿ ಹಿಟ್ಟು, ಜೀರಿಗೆ, ರುಬ್ಬಿದ ಹಸಿಮೆಣಸಿನಕಾಯಿ, ಉಪ್ಪು, ಕೊನೆಗೆ ಹಿಂಡಿದ ಒಂದು ನಿಂಬೆಹಣ್ಣು. ಒರಳಿಗೆ ತುಂಬಿ ಸಂಡಿಗೆ ಒತ್ತುವುದು ಅಮ್ಮನ ಕೆಲಸ, ಕಾಗೆ ಕಾಯುವುದು ನನ್ನದು. ಒಂದು ಕಪ್ಪು ಛತ್ರಿ, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಚೊಂಬು ಮಜ್ಜಿಗೆ, ಕೈಯಲ್ಲಿ ಮೊಬೈಲು. ಹತ್ತು ನಿಮಿಷಕ್ಕೊಮ್ಮೆ ಕಾಗೆ ಬಂತಾ ಅಂತ ನೋಡುತ್ತೇನೆ, ಮತ್ತೆ ಹತ್ತು ನಿಮಿಷಕ್ಕೆ ರಿಸಲ್ಟ್ ಬಂತಾ ಅಂತ ನೋಡುತ್ತೇನೆ. ಎರಡರಲ್ಲಿ ಕಾಗೆಯೇ ವಾಸಿ. ಬರುವ ಹೊತ್ತಿಗೆ ಬಂದೇ ಬರುತ್ತದೆ.

ಮೊನ್ನೆ ಪಕ್ಕದ ಮನೆ ಅಜ್ಜಿ ತಮ್ಮ ತಾರಸಿಯಿಂದ ಕೂಗಿ ಕೇಳಿದರು: “ಏನವ್ವ, ಪರೀಕ್ಷೆ ಎಲ್ಲ ಮುಗೀತಂತೆ. ಈಗೇನ್ ಮಾಡ್ತಿದ್ದೀಯ?”

“ಸಂಡಿಗೆ ಕಾಯ್ತಿದ್ದೀನಿ ಅಜ್ಜಿ.”

“ಅದಲ್ಲ ಕಣವ್ವ. ಏನ್ ಮಾಡ್ತಿದ್ದೀಯ ಅಂದೆ.”

ಅಜ್ಜಿಯ ತಪ್ಪೇನಿಲ್ಲ. ಮೇ ತಿಂಗಳೆಂದರೆ ನಮ್ಮ ತಿಪಟೂರು ಸೀಮೆಯಲ್ಲಿ ವಾರಕ್ಕೆ ಮೂರು ಮದುವೆ. ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬರು, ಊಟದ ಎಲೆ ಮುಂದೆ ಒಬ್ಬರು, ಮುಯ್ಯಿ ಬರೆಸುವ ಮೇಜಿನ ಪಕ್ಕ ಒಬ್ಬರು ಇದನ್ನೇ ಕೇಳುತ್ತಾರೆ. ಎಂಎಸ್ಸಿನಾ? ಬಿ.ಎಡ್ಡಾ? ಬ್ಯಾಂಕ್ ಪರೀಕ್ಷೆಗೆ ಹಾಕಿದ್ದೀಯಾ? ಉತ್ತರ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ, ಅಷ್ಟರಲ್ಲಿ ಹೋಳಿಗೆ ಬಂದಿರುತ್ತದೆ. ಮನೆಗೆ ಬಂದ ಮೇಲೆ ಉತ್ತರ ಹುಡುಕುತ್ತ ಕೂರುವವಳು ನಾನು. ಈ ಬೇಸಿಗೆಯಲ್ಲಿ ನಾನು ಯಾರು? ವಿದ್ಯಾರ್ಥಿಯೋ, ನಿರುದ್ಯೋಗಿಯೋ, ಮನೆವಾರ್ತೆಯವಳೋ? ಸರ್ಕಾರದ ಲೆಕ್ಕದಲ್ಲಿ ಇದಕ್ಕೆ ಉತ್ತರ ಇದೆಯಂತೆ. ಹುಡುಕಿ ನೋಡಿದೆ. ಒಂದಲ್ಲ, ನಾಲ್ಕು ಸಿಕ್ಕವು.

ಅದಕ್ಕೆ ಮೊದಲು ನನ್ನ ವಿಚಾರ ಒಂದಿಷ್ಟು. ತುಮಕೂರಿನ ಕಾಲೇಜಿನಲ್ಲಿ ಬಿಎಸ್ಸಿ ಓದಿದೆ. ಭೌತಶಾಸ್ತ್ರ, ಗಣಿತ. ಮೇ ಮೊದಲ ವಾರ ಕೊನೆಯ ಪರೀಕ್ಷೆ ಮುಗಿಯಿತು, ಮರುದಿನವೇ ಹಾಸ್ಟೆಲ್ ಖಾಲಿ ಮಾಡಿದೆ. ಮೂರು ವರ್ಷದ ಸಂಸಾರ ಒಂದು ಟ್ರಂಕು, ಒಂದು ಸುತ್ತಿದ ಹಾಸಿಗೆ ಮತ್ತು ಒಂದು ನೀಲಿ ಬಕೆಟ್ಟಿನಲ್ಲಿ ಹಿಡಿಸಿತು. ಬಕೆಟ್ಟಿನ ಮೇಲೆ ಉಗುರುಬಣ್ಣದಲ್ಲಿ ನನ್ನ ಹೆಸರು ಬರೆದಿದೆ, ಯಾರೂ ಕದಿಯದಿರಲಿ ಅಂತ. ಈಗ ಅದು ಕೊಟ್ಟಿಗೆಯಲ್ಲಿದೆ. ನನ್ನ ಹೆಸರಿನ ಬಕೆಟ್ಟಿನಲ್ಲಿ ಎಮ್ಮೆ ಕಲಗಚ್ಚು ಕುಡಿಯುತ್ತದೆ. ಪ್ರಯೋಗಾಲಯದ ಬಿಳಿ ಕೋಟಿನಲ್ಲಿ ತಮ್ಮ ಬೈಕು ಒರೆಸುತ್ತಾನೆ. ಪದವಿ ಮುಗಿಯಿತು ಎಂಬುದಕ್ಕೆ ಅಂಕಪಟ್ಟಿಗಿಂತ ಮೊದಲು ಸಿಕ್ಕ ದಾಖಲೆಗಳು ಇವೇ ಎರಡು.

ದಿನಚರಿ ಹೇಳುವಂಥದ್ದೇನಿಲ್ಲ. ಬೆಳಿಗ್ಗೆ ಸಂಡಿಗೆ, ಮಧ್ಯಾಹ್ನ ಮುದ್ದೆ ಉಂಡು ಫ್ಯಾನಿನ ಕೆಳಗೆ ನಿದ್ದೆ, ಕರೆಂಟು ಹೋದಾಗ ಎಚ್ಚರ. ಎಚ್ಚರಾದಾಗ ಬರುವ ಯೋಚನೆಗಳಿಗೆ ತಲೆಬುಡ ಇರುವುದಿಲ್ಲ. ಇನ್ನು ಈ ಜನ್ಮದಲ್ಲಿ ಯಾರಾದರೂ ನನ್ನನ್ನು ಅನುಕಲನ ಬಿಡಿಸು ಎಂದು ಕೇಳುತ್ತಾರಾ? ಹಾಸ್ಟೆಲ್ಲಿನಲ್ಲಿ ಬೈದುಕೊಂಡೇ ತಿಂದ ಚಿತ್ರಾನ್ನ ಈಗ ಯಾಕೆ ನೆನಪಾಗುತ್ತದೆ? ದಿನಕ್ಕೆ ಇನ್ನೂರು ಮೆಸೇಜು ಬೀಳುತ್ತಿದ್ದ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರವಾದರೂ ಸದ್ದಿಲ್ಲ, ಎಲ್ಲರೂ ತಮ್ಮ ತಮ್ಮ ತಾರಸಿಯಲ್ಲಿ ಕಾಗೆ ಓಡಿಸುತ್ತಿದ್ದಾರಾ? ಸಂಜೆ ಊರಿನ ಗ್ರಂಥಾಲಯಕ್ಕೆ ಹೋಗುತ್ತೇನೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದು ಕೂತವರಲ್ಲಿ ನನ್ನ ಹೈಸ್ಕೂಲಿನ ಸೀನಿಯರುಗಳೇ ನಾಲ್ಕು ಜನ. ಕಣ್ಣು ಕೂಡಿದರೆ ನಗುತ್ತಾರೆ. ಅವರು ಮಾತ್ರ ‘ಏನ್ ಮಾಡ್ತಿದ್ದೀಯ’ ಅಂತ ಕೇಳುವುದಿಲ್ಲ.

ಈಗ ಸರ್ಕಾರದ ಲೆಕ್ಕ. ದೇಶದಲ್ಲಿ ಯಾರು ದುಡಿಯುತ್ತಿದ್ದಾರೆ, ಯಾರು ನಿರುದ್ಯೋಗಿ ಎಂದು ಎಣಿಸಲು ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರಿಂದ ಪಿಎಲ್‌ಎಫ್‌ಎಸ್ ಎಂಬ ಸಮೀಕ್ಷೆ ನಡೆಸುತ್ತಿದೆ. ಪತ್ರಿಕೆಯಲ್ಲಿ ಬರುವ ನಿರುದ್ಯೋಗದ ಅಂಕಿ ಬಹುತೇಕ ಇಲ್ಲಿಯದು. ಸಮೀಕ್ಷೆಗೆ ಬಂದವರು ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಂಕೇತ ಸಂಖ್ಯೆ ಕೊಡುತ್ತಾರೆ. ಶಾಲೆ ಕಾಲೇಜಿಗೆ ಹೋಗುವವರಿಗೆ 91. ಕೆಲಸ ಹುಡುಕುತ್ತಿರುವವರಿಗೆ, ಸಿಕ್ಕರೆ ಮಾಡಲು ತಯಾರಿರುವವರಿಗೆ 81. ಇವರೇ ನಿರುದ್ಯೋಗಿಗಳು. ಮನೆಗೆಲಸ ಮಾತ್ರ ಮಾಡುವವರಿಗೆ 92. ಮನೆಯ ಜಮೀನಿನಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರಿಗೆ 21. ಇವರಿಗೆ ಒಂದು ಪೈಸೆ ಬರದಿದ್ದರೂ ಲೆಕ್ಕದಲ್ಲಿ ಉದ್ಯೋಗಿಗಳು.

ಸಮೀಕ್ಷೆಯ ಒಂದು ಅಳತೆ ಹಿಂದಿನ ಏಳು ದಿನಗಳದು. ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ಆ ವಾರಕ್ಕೆ ನೀವು ಉದ್ಯೋಗಿ. ಉಳಿದ ಆರೂ ಮುಕ್ಕಾಲು ದಿನ ಕೆಲಸಕ್ಕಾಗಿ ಅಲೆದಿದ್ದರೂ ಅಷ್ಟೇ, ಆ ಒಂದು ಗಂಟೆಯದೇ ಮೇಲುಗೈ. ಇದನ್ನು ನಮ್ಮ ಮನೆಗೆ ಇಟ್ಟು ನೋಡಿದೆ. ಅಪ್ಪನ ಜೊತೆ ಕೂತು ಮಾರುವ ಕೊಬ್ಬರಿಯ ಚಿಪ್ಪು ಬಿಡಿಸಿದರೆ ನಾನು 21, ಉದ್ಯೋಗಿ. ಅಮ್ಮನ ಜೊತೆ ಮನೆಗೆಂದು ಸಂಡಿಗೆ ಇಟ್ಟರೆ 92, ದುಡಿಯುವವರ ಸಾಲಿನಲ್ಲೇ ಇಲ್ಲ. ಅದೇ ಸಂಡಿಗೆಯನ್ನು ಪ್ಯಾಕೆಟ್ ಮಾಡಿ ಸಂತೆಯಲ್ಲಿ ಮಾರಿದರೆ ಸ್ವಂತ ಉದ್ಯೋಗದವಳು, ಸಂಖ್ಯೆ 11. ಮೂರೂ ಬಿಟ್ಟು ಕೆಲಸದ ಅರ್ಜಿ ತುಂಬಿಕೊಂಡಿದ್ದರೆ 81, ನಿರುದ್ಯೋಗಿ. ಹುಡುಗಿ ಒಬ್ಬಳೇ, ಬಿಸಿಲೂ ಒಂದೇ.

ಇದನ್ನು ಓದಿದ ದಿನ ಸಂಜೆಯೇ ಕೃತಿಕೆ ಮಳೆ ಬಂತು. ಅರಸೀಕೆರೆ ಕಡೆಯಿಂದ ಮೋಡ ಕಟ್ಟಿ, ಗಾಳಿಗೆ ತೆಂಗಿನ ಗರಿ ಬೀಳತೊಡಗಿತು. ಅಮ್ಮ ಕೆಳಗಿನಿಂದಲೇ ಕೂಗಿದಳು. ಇಬ್ಬರೂ ಓಡಿಹೋಗಿ ಪಂಚೆಯ ಎರಡೆರಡು ತುದಿ ಹಿಡಿದು, ಅರೆಬರೆ ಒಣಗಿದ ಸಂಡಿಗೆಯನ್ನು ಜೋಳಿಗೆ ಮಾಡಿಕೊಂಡು ಮೆಟ್ಟಿಲಿಳಿದೆವು. ದಪ್ಪ ಹನಿ ಬಿದ್ದು ಕಾದ ತಾರಸಿಯಿಂದ ಹಬೆ ಎದ್ದಿತು. ನಡುಮನೆಯಲ್ಲಿ ಚಾಪೆ ಹಾಸಿ, ಒಂದಕ್ಕೊಂದು ಅಂಟಿದ್ದನ್ನು ಬಿಡಿಸಿ ಹರಡುವಷ್ಟರಲ್ಲಿ ರಾತ್ರಿ ಊಟದ ಹೊತ್ತಾಯಿತು. ಒಂದು ವರ್ಷದ ಸಂಡಿಗೆ ಉಳಿಯಿತು. ಅಮ್ಮ ಇದನ್ನು ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದಾಳೆ. ಸಂಕೇತ ಸಂಖ್ಯೆ 92.

ಈ ಹುಡುಕಾಟದಲ್ಲೇ ಇನ್ನೊಂದು ಅಂಕಿ ಕಣ್ಣಿಗೆ ಬಿತ್ತು, ಅದು ಇವತ್ತಿಗೂ ತಲೆಯಿಂದ ಹೋಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೂ ಸೇರಿ 2024ರ ಮಾರ್ಚಿನಲ್ಲಿ ಭಾರತದ ಉದ್ಯೋಗ ವರದಿ ಹೊರತಂದವು. ಅದರ ಪ್ರಕಾರ 2022ರಲ್ಲಿ ನಮ್ಮ ದೇಶದ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇ 29.1. ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಅಂದರೆ ಓದಿದವರಲ್ಲಿ ಒಂಬತ್ತು ಪಾಲಿನ ಹತ್ತಿರ ಹೆಚ್ಚು. ನಮ್ಮ ಚಿಕ್ಕಪ್ಪನಿಗೆ ಹೇಳಿದರೆ, “ನೋಡಿದ್ಯಾ, ಓದಿಸಿದ್ದೇ ತಪ್ಪು” ಎಂದು ನಕ್ಕರು. ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. ಒಳಗಿನ ಕಾರಣ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಅಟ್ಟದಿಂದ.

ತಿಪಟೂರು ಎಂದರೆ ಕೊಬ್ಬರಿ. ಇಲ್ಲಿಯದು ಎಣ್ಣೆ ಕೊಬ್ಬರಿ ಅಲ್ಲ, ತಿನ್ನುವ ಉಂಡೆ ಕೊಬ್ಬರಿ. ಗಿಟುಕು ಎನ್ನುತ್ತೇವೆ. ಉತ್ತರ ಭಾರತದ ಪೂಜೆಗೆ, ಸಿಹಿತಿಂಡಿಗೆ ಹೋಗುತ್ತದೆ. ಇದನ್ನು ಮಾಡುವ ವಿಧಾನ ಕೇಳಿದರೆ ಪೇಟೆಯವರಿಗೆ ನಗು ಬರಬಹುದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಬೇಕು, ಸುಮ್ಮನೆ ಬಿಡಬೇಕು. ಅಷ್ಟೇ. ನಮ್ಮ ಅಟ್ಟ ಅಡಿಕೆ ದಬ್ಬೆಯದು, ಕೆಳಗೆ ಕೊಟ್ಟಿಗೆ. ಹತ್ತು ಹನ್ನೊಂದು ತಿಂಗಳು ಕಾಯಿ ಅಲ್ಲಿ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗುತ್ತಿಲ್ಲ. ಒಳಗೆ ನೀರು ಇಂಗುತ್ತಿರುತ್ತದೆ, ತಿರುಳು ಒಣಗಿ ಕುಗ್ಗಿ ನಿಧಾನಕ್ಕೆ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತಿರುತ್ತದೆ. ಅಪ್ಪ ಆಗಾಗ ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ನೀರಿನ ಸದ್ದು ಬಂದರೆ ಇನ್ನೂ ಹಸಿ. ಉಂಡೆ ಚಿಪ್ಪಿಗೆ ತಾಗುವ ಒಣ ಸದ್ದು ಬಂದರೆ ಆಯಿತು ಅಂತ. ಅವಸರಕ್ಕೆ ಮೊದಲೇ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಹೋಳಾಗುತ್ತದೆ, ಉಂಡೆಯ ಬೆಲೆ ಸಿಗುವುದಿಲ್ಲ. ಹಾಗಂತ ಇಟ್ಟಿದ್ದೆಲ್ಲ ಗಿಟುಕಾಗುವುದೂ ಇಲ್ಲ. ಕೆಲವು ಕೊಳೆಯುತ್ತವೆ, ಕೆಲವು ಕೌಟು ಹೊಡೆಯುತ್ತವೆ.

ಕಾಯುವುದೇ ಇಷ್ಟು ಲಾಭದ ಕೆಲಸವಾದರೆ ಎಲ್ಲರೂ ಯಾಕೆ ಕಾಯುವುದಿಲ್ಲ? ಯಾಕೆಂದರೆ ಕಾಯಲು ಅಟ್ಟ ಬೇಕು. ಜೊತೆಗೆ ಆ ಹನ್ನೊಂದು ತಿಂಗಳು ಉಣ್ಣಲು ಬೇರೆ ದಾರಿ ಇರಬೇಕು. ಸಾಲ ಇರುವವರು, ಮಗಳ ಮದುವೆ ಇಟ್ಟುಕೊಂಡವರು, ಆಸ್ಪತ್ರೆ ಖರ್ಚು ಬಂದವರು ಮರದಿಂದ ಇಳಿಸಿದ ವಾರವೇ ಹಸಿಕಾಯಿ ಮಾರಿಬಿಡುತ್ತಾರೆ. ಅವರಿಗೆ ಗಿಟುಕಿನ ಬೆಲೆ ಗೊತ್ತಿಲ್ಲ ಅಂತಲ್ಲ. ನಿರುದ್ಯೋಗದ ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿ ದೊಡ್ಡ ಪಾಲು ಇದೇ. ಓದದವನಿಗೆ ಹೆಚ್ಚು ಕೆಲಸ ಇದೆ ಎಂದಲ್ಲ, ಕೆಲಸವಿಲ್ಲದೆ ಕೂರುವ ಶಕ್ತಿ ಅವನಿಗಿಲ್ಲ. ಇವತ್ತು ಗಾರೆ ಕೆಲಸವೋ, ಕಾಯಿ ಸುಲಿಯುವುದೋ, ಸಿಕ್ಕಿದ್ದಕ್ಕೆ ಹೋಗಲೇಬೇಕು. ಪದವೀಧರೆ ತನ್ನ ಓದಿಗೆ ತಕ್ಕ ಕೆಲಸಕ್ಕೆ ಕಾಯುತ್ತಾಳೆ. ಅಂಥ ಕೆಲಸಗಳು ಕಡಿಮೆ ಇರುವುದೂ ನಿಜ. ಆದರೆ ಅವಳು ಕಾಯುವಷ್ಟು ದಿನ ಯಾರೋ ಅವಳ ತಟ್ಟೆಗೆ ಮುದ್ದೆ ಹಾಕುತ್ತಿದ್ದಾರೆ ಎಂಬುದೂ ನಿಜ.

ಕಾಯುವುದು ಜೂಜು ಕೂಡ. ಕೇಂದ್ರ ಸರ್ಕಾರ 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತ್ತು. ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು, ರೈತರು ಬೀದಿಗಿಳಿದರು. ಹನ್ನೊಂದು ತಿಂಗಳು ಕಾದವರಿಗೆ ಹಸಿಕಾಯಿ ಮಾರಿದವರಷ್ಟೂ ಗಿಟ್ಟಲಿಲ್ಲ ಎಂದು ಅಪ್ಪ ಆಗ ಪೇಚಾಡಿದ್ದು ನೆನಪಿದೆ. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ, ಮಾರುಕಟ್ಟೆ 20,000 ದಾಟಿ ಓಡಿತು. ನನ್ನ ಹಾಸ್ಟೆಲ್ಲಿನ ಕೊನೆಯ ವರ್ಷದ ಫೀಸು ಆ ಕೊಬ್ಬರಿಯದು. ಕಾಯಿ ಅದೇ, ಅಟ್ಟ ಅದೇ, ಅಪ್ಪನ ಜಾಣತನವೂ ಅಷ್ಟೇ ಇತ್ತು. ಸರ್ಕಾರಿ ಹುದ್ದೆಯ ಅಧಿಸೂಚನೆಗೆ ಕಾಯುತ್ತ ಗ್ರಂಥಾಲಯದಲ್ಲಿ ಕೂತ ನನ್ನ ಸೀನಿಯರುಗಳನ್ನು ನೋಡಿದಾಗ ಈ ಎರಡು ವರ್ಷಗಳ ನೆನಪಾಗುತ್ತದೆ. ಯಾವುದು ಯಾರ ವರ್ಷವೋ, ಮೊದಲೇ ಹೇಳುವವರಿಲ್ಲ.

ಕೊಬ್ಬರಿಗೆ ಬೆಂಬಲ ಬೆಲೆ ಇದೆ, ಪದವಿಗೆ ಇಲ್ಲವಲ್ಲ ಎಂದು ಮನೆಯಲ್ಲಿ ತಮಾಷೆ ಮಾಡಿದೆ. ಇದೆ ಎಂದು ತಮ್ಮ ನೆನಪಿಸಿದ: ಯುವನಿಧಿ. ರಾಜ್ಯ ಸರ್ಕಾರ 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯೋಜನೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ, ಇಲ್ಲವೇ ಕೆಲಸ ಸಿಗುವವರೆಗೆ. ಮುಂದೆ ಓದಲು ಸೇರಿದವರಿಗೆ ಇಲ್ಲ. ಅರ್ಜಿ ಸೇವಾಸಿಂಧು ಜಾಲತಾಣದ ಮೂಲಕ. ಮುಖ್ಯ ಷರತ್ತು ಒಂದಿದೆ: ತೇರ್ಗಡೆಯಾಗಿ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಅಂದರೆ ಮೊದಲ ಆರು ತಿಂಗಳು ಮನೆಯವರೇ ಸಾಕಬೇಕು. ನನ್ನ ರಿಸಲ್ಟೇ ಬಂದಿಲ್ಲ, ಆದ್ದರಿಂದ ನನ್ನ 180 ದಿನ ಇನ್ನೂ ಶುರುವಾಗಿಯೇ ಇಲ್ಲ. ಬೇಸಿಗೆಯ ಈ ದಿನಗಳು ಯಾವ ಯೋಜನೆಯ ಲೆಕ್ಕಕ್ಕೂ ಬರುವುದಿಲ್ಲ.

ಹಾಗೆ ಕಾಯಲಾಗದವಳೊಬ್ಬಳು ನನ್ನ ರೂಮಿನಲ್ಲೇ ಇದ್ದಳು. ಮೂರು ವರ್ಷ ಅಕ್ಕಪಕ್ಕದ ಮಂಚ. ಅಂಕದಲ್ಲಿ ಯಾವಾಗಲೂ ನನಗಿಂತ ಮುಂದೆ. ನಾನು ಕಾಪಿ ಮಾಡಿಕೊಂಡ ಲ್ಯಾಬ್ ರೆಕಾರ್ಡು ಅವಳದೇ. ಕೊನೆಯ ಪರೀಕ್ಷೆ ಮುಗಿದ ಮೂರನೇ ದಿನ ತುಮಕೂರಿನ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗಿಗೆ ಸೇರಿದಳು. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಒಂಬತ್ತು, ವಾರಕ್ಕೊಂದು ರಜೆ, ಮದುವೆ ಸೀಸನ್ನಿನಲ್ಲಿ ಅದೂ ಇಲ್ಲ. ಫೋನಿನಲ್ಲಿ ಎಂಎಸ್ಸಿ ಪ್ರವೇಶದ ಮಾತು ತೆಗೆದೆ. “ಅಪ್ಪನಿಗೆ ಸೊಂಟ ನೋವು ಕಣೇ, ಕೆಲಸಕ್ಕೆ ಹೋಗಿ ಎರಡು ತಿಂಗಳಾಯ್ತು” ಎಂದಳು. ಆಮೇಲೆ, “ಮುಂದಿನ ವರ್ಷ ನೋಡಣ” ಎಂದಳು. ಕೌಂಟರಿಗೆ ಯಾರೋ ಬಂದರು, ಫೋನಿಟ್ಟಳು.

ಸಮೀಕ್ಷೆಯವರು ಈ ವಾರ ಬಂದರೆ ಅವಳು ಉದ್ಯೋಗಿ, ಕೆಲಸ ಸಿಕ್ಕರೆ ಮಾಡಲು ತಯಾರಿರುವ ನಾನು ನಿರುದ್ಯೋಗಿ. ಅವಳ ಹೆಸರಿಗೆ ಸಂಬಳ ಇದೆ, ಆದ್ದರಿಂದ ಚಿಂತೆಯಿಲ್ಲದ ಲೆಕ್ಕ. ದೇಶ ಚಿಂತಿಸಬೇಕಾದ ಲೆಕ್ಕದಲ್ಲಿ ಇರುವವಳು ನಾನು, ತಾರಸಿಯ ಮೇಲೆ ಛತ್ರಿ ಹಿಡಿದು, ಮಜ್ಜಿಗೆ ಕುಡಿಯುತ್ತ! ಅಂಕಿ ಸುಳ್ಳು ಹೇಳುತ್ತಿಲ್ಲ. ಆದರೆ ಅದು ಕೇಳಿದ ಪ್ರಶ್ನೆ ಅಜ್ಜಿ ಕೇಳಿದ ಪ್ರಶ್ನೆಯೇ: ಏನ್ ಮಾಡ್ತಿದ್ದೀಯ? ನಮ್ಮಿಬ್ಬರಲ್ಲಿ ಯಾರ ಸ್ಥಿತಿ ಗಟ್ಟಿ, ಯಾರದು ಕಷ್ಟ ಎಂದು ತಿಳಿಯಲು ಬೇರೆ ಪ್ರಶ್ನೆ ಬೇಕು. ನೀನು ಎಷ್ಟು ದಿನ ಕಾಯಬಲ್ಲೆ? ನೀನು ಕಾಯುವಷ್ಟು ದಿನ ಖರ್ಚು ಯಾರದು?

ಆ ಖರ್ಚು ದೊಡ್ಡದೇನೂ ಅಲ್ಲ, ಬಿಡಿಬಿಡಿಯಾಗಿ ಬರುವಂಥದ್ದು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಅರ್ಜಿಗೆ ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲ, ಪರಿಶಿಷ್ಟರಿಗೂ ಇಲ್ಲ, ಉಳಿದ ಹೆಚ್ಚಿನವರಿಗೆ 100 ರೂಪಾಯಿ. ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಪರೀಕ್ಷೆಗೆ 2025ರಲ್ಲಿ ಸಾಮಾನ್ಯ ಶುಲ್ಕ 850, ಪರಿಶಿಷ್ಟರಿಗೆ 175. ಪರೀಕ್ಷೆ ಬೆಂಗಳೂರಿನಲ್ಲಿ ಬಿದ್ದರೆ ನಾನು ಬಿ.ಎಚ್. ರಸ್ತೆಯಲ್ಲಿ ಸರ್ಕಾರಿ ಬಸ್ಸು ಹತ್ತಿ ಆಧಾರ್ ತೋರಿಸುತ್ತೇನೆ. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನನ್ನ ತಮ್ಮನಂಥವರು ಹೋಗಿ ಬರುವ ಚಾರ್ಜು, ಒಂದು ರಾತ್ರಿ ಉಳಿಯುವ ಖರ್ಚು ಎಲ್ಲ ಹೊಂದಿಸಬೇಕು. ಇದರ ಮೇಲೆ ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದ್ದು, ಫೋಟೊ, ಜೆರಾಕ್ಸು. ತಿಂಗಳಿಗೆ ಎರಡು ಅರ್ಜಿ ಹಾಕುವವರಿಗೆ ಇದು ಭಾರವೇ. ನನ್ನ ಗೆಳತಿಯಂಥವರು ಕೈಬಿಡುವುದು ಓದನ್ನಲ್ಲ, ಈ ಅರ್ಜಿಗಳನ್ನು. ಮೊದಲು ಒಂದು ತಪ್ಪುತ್ತದೆ, ಆಮೇಲೆ ಇನ್ನೊಂದು, ಮೂರನೆಯದರ ಹೊತ್ತಿಗೆ ಬಿಲ್ಲಿಂಗ್ ಕೌಂಟರೇ ಊರ ಬಾಯಲ್ಲಿ ಅವರ ಕೆಲಸವಾಗಿ ನಿಂತುಬಿಡುತ್ತದೆ.

ಈ ಮದುವೆ ಸೀಸನ್ನಿನಲ್ಲಿ ನೀವೂ ಹೋಗುತ್ತೀರಿ, ಡಿಗ್ರಿ ಮುಗಿಸಿ ಕೂತ ಒಬ್ಬರಾದರೂ ಸಿಗುತ್ತಾರೆ. ‘ಮುಂದೇನು’ ಎಂದು ಕೇಳಬೇಡಿ. ಅವರು ಮಲಗುವುದೂ ಏಳುವುದೂ ಆ ಪ್ರಶ್ನೆಯ ಜೊತೆಯಲ್ಲೇ. ‘ಯಾವುದಕ್ಕೆ ಅರ್ಜಿ ಹಾಕಬೇಕೂಂತಿದ್ದೀಯ, ಕೊನೇ ದಿನ ಯಾವಾಗ, ದುಡ್ಡಿದೆಯಾ’ ಎಂದು ಕೇಳಿ. ಇದೆ ಎಂದರೆ ಅವರ ಮನೆಯಲ್ಲಿ ಅಟ್ಟ ಇದೆ ಎಂದರ್ಥ, ನೆಮ್ಮದಿಯಾಗಿ ಊಟಕ್ಕೆ ಹೋಗಿ. ತಡವರಿಸಿದರೆ, ಮದುಮಕ್ಕಳಿಗೆಂದು ತಂದ ಮುಯ್ಯಿ ಕವರುಗಳ ಜೊತೆ ಇನ್ನೊಂದು ತಂದಿದ್ದರೆ ಅವರ ಕೈಗೆ ಕೊಡಿ. ಒಂದು ಅರ್ಜಿಗೆ 850 ರೂಪಾಯಿ.